ಮಾಳಿಗೆ ಮೇಲಿನ ಬೆಳೆಗೆ ಬೆಲೆ ಕಟ್ಟುವವರು ಯಾರು?



ನಿಮ್ಮ ಊರಿಗೂ ಬಂದಿರಬೇಕು. ಮೋಟಾರ್ ಸೈಕಲ್ಲು, ಬಗಲಲ್ಲಿ ಚೀಲ, ಚೀಲದ ತುಂಬ ಬಣ್ಣದ ಹಾಳೆ. ಹಾಳೆಯ ಮೇಲೆ ನಗುವ ಗಂಡ ಹೆಂಡತಿ, ಅವರ ತಲೆಯ ಮೇಲೆ ಕನ್ನಡಿಯಂತೆ ಹೊಳೆಯುವ ಸೋಲಾರ್ ಪ್ಯಾನೆಲ್ಲು. ನಮ್ಮ ಕಟ್ಟೆಗೂ ಒಬ್ಬ ಬಂದ. ಹುಡುಗ ಒಳ್ಳೆಯವನೇ, ಹೊಟ್ಟೆಪಾಡಿಗೆ ತಿರುಗುವವನು.

"ಕಾಕಾರ, ಇಲ್ಲೊಂದು ಸಹಿ ಹಾಕ್ರಿ. ನಿಮ್ಮ ಕರೆಂಟ್ ಬಿಲ್ಲು ಜೀರೋ ಆಗ್ತೈತಿ" ಅಂದ.

"ತಮ್ಮಾ, ನಮ್ಮ ಬಿಲ್ಲು ಜೀರೋ ಆಗಿ ಎಷ್ಟೋ ದಿನ ಆತಲ್ಲೋ" ಅಂದೆ.

ಹುಡುಗ ತಲೆ ಕೆರೆದುಕೊಂಡ. ಆಮೇಲೆ ಹಾಳೆ ತಿರುಗಿಸಿ, "ಹಂಗಾದ್ರ ಉಳಿದ ಕರೆಂಟ್ ಸರ್ಕಾರಕ್ಕ ಮಾರ್ರಿ, ತಿಂಗಳಾ ರೊಕ್ಕ ಬರ್ತೈತಿ" ಅಂದ. "ಯುನಿಟ್‌ಗೆ ಎಷ್ಟು?" ಅಂತ ಕೇಳಿದೆ. ಅದು ಹಾಳೆಯಲ್ಲಿ ಬರೆದಿರಲಿಲ್ಲ. ಸಬ್ಸಿಡಿ ಎಷ್ಟು ಅಂತ ದಪ್ಪ ಅಕ್ಷರದಲ್ಲಿತ್ತು. ಸಾಲ ಎಲ್ಲಿ ಸಿಗುತ್ತದೆ ಅಂತ ಇತ್ತು. ಮಾರುವ ಮಾಲಿನ ದರ ಮಾತ್ರ ಇರಲಿಲ್ಲ.

ಇಷ್ಟು ವರ್ಷ ಜೋಳ, ತೊಗರಿ, ಉಳ್ಳಾಗಡ್ಡಿ ಬೆಳೆದು ಪೇಟೆಗೆ ಹಾಕಿ ಕೈ ಸುಟ್ಟುಕೊಂಡ ನಮಗೆ ಈ ಆಟ ಹೊಸದಲ್ಲ. ಬೀಜದ ದರ ಗೊತ್ತು, ಗೊಬ್ಬರದ ದರ ಗೊತ್ತು, ಬಡ್ಡಿಯ ದರ ಬ್ಯಾಂಕಿನ ಗೋಡೆಯ ಮೇಲೇ ಬರೆದಿರುತ್ತದೆ. ನಾವು ಬೆಳೆದದ್ದರ ದರ ಮಾತ್ರ ಗಾಡಿ ಪೇಟೆಗೆ ಹೋದ ಮೇಲೆ, ಬೇರೆಯವರ ಬಾಯಿಂದ ಕೇಳಬೇಕು. ಈಗ ನಮ್ಮ ಮಾಳಿಗೆಯ ಮೇಲೆ ಬೀಳುವ ಬಿಸಿಲನ್ನೂ ಅದೇ ಪೇಟೆಗೆ ಕಳಿಸಲು ಕರೆಯುತ್ತಿದ್ದಾರೆ. ಹೋಗುವ ಮುಂಚೆ ಲೆಕ್ಕ ಮಾಡೋಣ ಬನ್ನಿ.

ಯೋಜನೆ ಏನು ಅಂದರೆ ಇದು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 'ಪಿಎಂ ಸೂರ್ಯಘರ್' ಎಂಬ ಯೋಜನೆ ತಂದಿತು. ದೇಶದಲ್ಲಿ 1 ಕೋಟಿ ಮನೆಗಳ ಮೇಲೆ ಸೋಲಾರ್ ಕೂಡಿಸುವುದು, ಅದಕ್ಕೆ 75,000 ಕೋಟಿ ರೂಪಾಯಿಗೂ ಮೇಲೆ ಖರ್ಚು ಮಾಡುವುದು. ಮೊದಲ 2 ಕಿಲೋವ್ಯಾಟ್‌ಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಹಗಲು ಪ್ಯಾನೆಲ್ ಮಾಡಿದ ಕರೆಂಟು ಮೊದಲು ಮನೆಗೆ, ಉಳಿದದ್ದು ಕಂಬದ ತಂತಿಗೆ. ರಾತ್ರಿ ನಿಮಗೆ ಬೇಕಾದದ್ದು ತಂತಿಯಿಂದ ಮನೆಗೆ. ಎರಡೂ ಕಡೆ ಓಡುವ ಮೀಟರು ಇದರ ಲೆಕ್ಕ ಇಡುತ್ತದೆ. ಕೊಟ್ಟಿದ್ದು ಹೆಚ್ಚಾದರೆ ಹೆಸ್ಕಾಂ ನಿಮಗೆ ಕೊಡಬೇಕು, ತಗೊಂಡದ್ದು ಹೆಚ್ಚಾದರೆ ನೀವು ಕೊಡಬೇಕು. ಯಂತ್ರದ ಮಟ್ಟಿಗೆ ಇದು ಒಳ್ಳೆಯ ವಿದ್ಯೆ. ಹೊಗೆ ಇಲ್ಲ, ಬೂದಿ ಇಲ್ಲ, ಯಾರ ಹೊಲವೂ ಹೋಗುವುದಿಲ್ಲ. ನನ್ನ ತಕರಾರು ಯಂತ್ರದ ಮೇಲಿಲ್ಲ, ದರದ ಮೇಲೆ.

3 ಕಿಲೋವ್ಯಾಟಿನ ಒಂದು ಯಂತ್ರ ಕೂಡಿಸಲು ಈಗ ಸುಮಾರು 1 ಲಕ್ಷ 95 ಸಾವಿರ ಎಂದು ಇಟ್ಟುಕೊಳ್ಳಿ. 78,000 ಕಳೆದರೆ 1,17,000 ನಿಮ್ಮ ತಲೆಯ ಮೇಲೆ. ಇದನ್ನು ನೂರಕ್ಕೆ 7ರ ಬಡ್ಡಿಯಲ್ಲಿ 10 ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಹತ್ತಿರ ಹತ್ತಿರ 1,360 ರೂಪಾಯಿ. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯುನಿಟ್ ಬರುತ್ತದೆ. ಮೋಡದ ದಿನ, ಧೂಳು ಕೂತ ದಿನ ಕಳೆದು ತಿಂಗಳಿಗೆ 330 ಯುನಿಟ್ ಎನ್ನೋಣ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಮಿಕ್ಸರ್ ಇರುವ ಮನೆಗೆ 60 ಯುನಿಟ್ ಸಾಕು. ಉಳಿದದ್ದು 270. ಕೇಂದ್ರದ ಸಬ್ಸಿಡಿ ತೆಗೆದುಕೊಂಡ ಸಣ್ಣ ಮನೆಯ ಯಂತ್ರಕ್ಕೆ ನಮ್ಮ ರಾಜ್ಯದಲ್ಲಿ ಈಗ ಸಿಗುವ ದರ ಯುನಿಟ್‌ಗೆ 3 ರೂಪಾಯಿಯ ಒಳಗೇ. ಇರಲಿ, ಅವರ ಪರವಾಗಿ ಪೂರಾ 3 ಎಂದೇ ಹಿಡಿಯೋಣ. 810 ರೂಪಾಯಿ ಆಯಿತು. ಕಂತು 1,360, ಬಂದದ್ದು 810. ತಿಂಗಳಿಗೆ 550 ರೂಪಾಯಿ ನೀವು ಎಲ್ಲಿಂದ ತರುತ್ತೀರಿ? ಎಮ್ಮೆಯ ಹಾಲಿನಿಂದ ತರಬೇಕು, ಇಲ್ಲವೇ ಸೊಸೈಟಿಯಲ್ಲಿ ಇನ್ನೊಂದು ಸಾಲ ಎತ್ತಬೇಕು. 10 ವರ್ಷಕ್ಕೆ ಲೆಕ್ಕ ಹಾಕಿದರೆ ಈ ಕೊರತೆಯೇ 66,000. ಅವರು ಕೊಟ್ಟ ಸಬ್ಸಿಡಿ 78,000. ಅಲ್ಲಿಗೆ ಒಂದು ಕೈಯಿಂದ ಕೊಟ್ಟದ್ದರ ಬಹುಪಾಲನ್ನು ಇನ್ನೊಂದು ಕೈ ಕಂತುಕಂತಾಗಿ ಹಿಂದಕ್ಕೆ ಪಡೆಯಿತು.

10 ವರ್ಷದ ನಂತರ ಸಾಲ ತೀರಿ ಎಲ್ಲವೂ ಲಾಭವಲ್ಲವೇ ಎನ್ನುವವರಿದ್ದಾರೆ. ನಿಜ, ಪ್ಯಾನೆಲ್ಲಿಗೆ 25 ವರ್ಷ ಬಾಳಿಕೆ ಹೇಳುತ್ತಾರೆ. ಆದರೆ ಬಿಸಿಲಿನ ಕರೆಂಟನ್ನು ಮನೆಯ ಕರೆಂಟಾಗಿ ತಿರುಗಿಸುವ ಇನ್ವರ್ಟರ್ ಪೆಟ್ಟಿಗೆ ಸುಮಾರು 10 ವರ್ಷಕ್ಕೇ ಕೈಕೊಡುತ್ತದೆ. ಅದರ ಖರ್ಚು ನಿಮ್ಮದು. ಮಳೆಗಾಲ ಕೈಕೊಟ್ಟ ವರ್ಷ ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಸಬ್ಸಿಡಿ ಹಣವೂ ಮೊದಲೇ ಸಿಗುವುದಲ್ಲ. ಯಂತ್ರ ಕೂಡಿಸಿ, ತಪಾಸಣೆ ಆಗಿ, ಕರೆಂಟು ಹರಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. 2024ರಲ್ಲಿ ಬರ ಪರಿಹಾರದ ದುಡ್ಡು ಖಾತೆಗೆ ಬಿದ್ದ ಕೂಡಲೇ ಹಳೆಯ ಬೆಳೆಸಾಲಕ್ಕೆ ಮುರಿದುಕೊಂಡ ಬ್ಯಾಂಕುಗಳನ್ನು ನಾವು ಕಂಡಿದ್ದೇವೆ. ಹಾಗೆ ಮಾಡಬೇಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಬಾಕಿ ಇರುವ ಖಾತೆಯನ್ನೇ ಸಬ್ಸಿಡಿಗೆ ಕೊಡುವ ಮುಂಚೆ ಇದು ನೆನಪಿರಲಿ.

ಇನ್ನು ಆ 60 ಯುನಿಟ್ಟಿನ ಮಾತು. 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಇದೆ. ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ, 200 ಯುನಿಟ್ ಮಿತಿಯೊಳಗೆ ಬಿಲ್ಲು ಸೊನ್ನೆ. ನೀವು ಸುಡುವ 60 ಯುನಿಟ್ಟಿನ ದುಡ್ಡನ್ನು ನಿಮ್ಮ ಪರವಾಗಿ ರಾಜ್ಯ ಸರ್ಕಾರ ಹೆಸ್ಕಾಂಗೆ ಕಟ್ಟುತ್ತದೆ. ನೀವು ಸಾಲ ಮಾಡಿ ಪ್ಯಾನೆಲ್ ಹಾಕಿದ ದಿನದಿಂದ ಆ 60 ಯುನಿಟ್ಟು ನಿಮ್ಮ ಮಾಳಿಗೆಯಿಂದಲೇ ಬರುತ್ತದೆ. ಅಂದರೆ ಸರ್ಕಾರ ಕಟ್ಟುತ್ತಿದ್ದ ದುಡ್ಡನ್ನು ಇನ್ನು ಮುಂದೆ ನೀವು, ಬಡ್ಡಿ ಸಮೇತ, ಕಟ್ಟುತ್ತೀರಿ. ಇದಕ್ಕೂ 'ಮುಫ್ತ್ ಬಿಜಲಿ' ಎಂದೇ ಹೆಸರು! ವಿಜಯಪುರದಲ್ಲಿ ತಿಂಗಳಿಗೆ 300 ಯುನಿಟ್ ಸುಡುವ, ಎ.ಸಿ. ಹಾಕಿಕೊಂಡ ಮನೆಗೆ ಇದು ಲಾಭ. ಅವರು ಉಳಿಸುವ ಪ್ರತಿ ಯುನಿಟ್ಟೂ ಹತ್ತಿರ 6 ರೂಪಾಯಿಯದು. ಅವರು ಹಾಕಿಕೊಳ್ಳಲಿ, ಬೇಡ ಎನ್ನುವುದಿಲ್ಲ. ಪೇಟೆಯವರಿಗೆ ಹೊಲಿದ ಅಂಗಿಯನ್ನು ನಮ್ಮ ಮೈಗೆ ತೊಡಿಸಬೇಡಿ ಎನ್ನುತ್ತೇನೆ, ಅಷ್ಟೇ.

ಈಗ ಮಸೂತಿಗೆ ಬನ್ನಿ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರಿನ ಸುತ್ತ ಕರೆಂಟಿಗೇನು ಕೊರತೆ? ಅತ್ತ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟು. ಆ ಹಿನ್ನೀರಿಗೆ ಕೊಲ್ಹಾರದಂಥ ಊರೇ ಎದ್ದು ಬೇರೆ ಕಡೆ ಹೋಗಬೇಕಾಯಿತು. ಇತ್ತ ಮಗ್ಗುಲಲ್ಲೇ ಕೂಡಗಿಯ ಎನ್‌ಟಿಪಿಸಿ ಸ್ಥಾವರ: 800 ಮೆಗಾವ್ಯಾಟಿನ 3 ಘಟಕ, ಒಟ್ಟು 2,400 ಮೆಗಾವ್ಯಾಟು. ಈ ಸ್ಥಾವರ ಬೇಡ, ನಮ್ಮ ಭೂಮಿ ನೀರು ಗಾಳಿ ಹಾಳಾಗುತ್ತವೆ ಎಂದು ಸುತ್ತಲ ಹಳ್ಳಿಗಳ ರೈತರು ಬೀದಿಗೆ ಬಂದಾಗ, 2014ರ ಜುಲೈ 5ರಂದು ಪೊಲೀಸರು ಗುಂಡು ಹಾರಿಸಿದರು. ರೈತರ ಮೈಗೆ ಗುಂಡು ತಾಗಿತು. ಸ್ಥಾವರ ನಿಲ್ಲಲಿಲ್ಲ, 2017ರಲ್ಲಿ ಮೊದಲ ಘಟಕ, 2018ರಲ್ಲಿ ಮೂರನೆಯದು ಕರೆಂಟು ಕೊಡಲು ಶುರು ಮಾಡಿದವು. ಹೊಲದ ಮೇಲೆ ಹಾದು ಹೋದ ದೊಡ್ಡ ತಂತಿಗಳ ಕೆಳಗೆ ನಿಂತು ಕರೆಂಟು ಯಾವಾಗ ಬರುತ್ತದೆ ಎಂದು ಕಾಯುವವರು ನಾವು.

ಆ ಸ್ಥಾವರದ ಕರೆಂಟಿಗೆ ಬೆಲೆ ಹೇಗೆ ಕಟ್ಟುತ್ತಾರೆ ಗೊತ್ತೇ? ಈ ಒಂದು ವಿಷಯವನ್ನು ಪ್ರತಿಯೊಬ್ಬ ರೈತನೂ ಬಾಯಿಪಾಠ ಮಾಡಬೇಕು. ದಿಲ್ಲಿಯಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಕೂತು ಮೊದಲು ಸ್ಥಾವರಕ್ಕೆ ತಗಲಿದ ಖರ್ಚೆಲ್ಲ ಬರೆಯುತ್ತದೆ. ಸಾಲದ ಬಡ್ಡಿ ಬರೆಯುತ್ತದೆ. ಯಂತ್ರದ ಸವಕಳಿ, ನೌಕರರ ಸಂಬಳ, ದುರಸ್ತಿ, ದುಡಿಮೆ ಬಂಡವಾಳದ ಬಡ್ಡಿ ಎಲ್ಲ ಬರೆಯುತ್ತದೆ. ಇದೆಲ್ಲ ಆದ ಮೇಲೆ ಮಾಲೀಕನ ಸ್ವಂತ ಬಂಡವಾಳದ ಮೇಲೆ ನೂರಕ್ಕೆ 15.5 ಲಾಭ ಸೇರಿಸುತ್ತದೆ. ಕಲ್ಲಿದ್ದಲು ತುಟ್ಟಿಯಾದರೆ ಆ ಹೆಚ್ಚಳವೂ ದರಕ್ಕೆ ಬೀಳುತ್ತದೆ, ಕೊನೆಗೆ ನಮ್ಮ ನಿಮ್ಮ ಬಿಲ್ಲಿಗೆ. ಇನ್ನೂ ಒಂದಿದೆ: ಘಟಕ ತಯಾರಾಗಿ ನಿಂತಿದ್ದರೆ ಸಾಕು, ರಾಜ್ಯ ಅದರಿಂದ ಕರೆಂಟು ಕೊಳ್ಳದಿದ್ದರೂ ಸ್ಥಿರ ವೆಚ್ಚ ಕೊಡಲೇಬೇಕು.

ಇದು ಏನು? ನಾವು ನಾಲ್ವತ್ತು ವರ್ಷದಿಂದ ಗಂಟಲು ಹರಿದು ಕೇಳುತ್ತಿರುವ ವೈಜ್ಞಾನಿಕ ಬೆಲೆ ಇದೇ! ಉತ್ಪಾದನಾ ವೆಚ್ಚ, ಬಡ್ಡಿ, ಸವಕಳಿ, ಕೂಲಿ, ಅದರ ಮೇಲೆ ಲಾಭ. ಸ್ವಾಮಿನಾಥನ್ ಆಯೋಗ 2006ರಲ್ಲಿ ವೆಚ್ಚದ ಮೇಲೆ ಅರ್ಧದಷ್ಟು ಲಾಭ ಸೇರಿಸಿ ಬೆಂಬಲ ಬೆಲೆ ಕೊಡಿ ಎಂದಾಗ, ಖಜಾನೆ ಎಲ್ಲಿದೆ ಎಂದವರು ಇವರೇ. ಬೆಳೆದ ಉಳ್ಳಾಗಡ್ಡಿಯನ್ನು ಯಾರೂ ಕೊಳ್ಳದಿದ್ದರೆ ನಾವು ತಿಪ್ಪೆಗೆ ಸುರಿಯಬೇಕು. ಮಾಡಿದ ಕರೆಂಟನ್ನು ಯಾರೂ ಕೊಳ್ಳದಿದ್ದರೂ ಅವರಿಗೆ ವೆಚ್ಚ ಬರುತ್ತದೆ. ಕಲ್ಲಿದ್ದಲಿಗೆ ಈ ಲೆಕ್ಕ ಬರುವುದಾದರೆ ಮಾಳಿಗೆಯ ಬಿಸಿಲಿಗೆ ಯಾಕೆ ಬರುವುದಿಲ್ಲ? ಕೂಡಗಿಯ ಕರೆಂಟೂ ಮಸೂತಿಯ ಮನೆಯ ಕರೆಂಟೂ ಸೇರುವುದು ಕೊನೆಗೆ ಒಂದೇ ತಂತಿಯ ಜಾಲಕ್ಕೆ. ಬಲ್ಬಿಗೆ ಜಾತಿ ತಿಳಿಯುವುದಿಲ್ಲ.

"ಬಿಸಿಲು ಪುಕ್ಕಟೆ, ಅದಕ್ಕೆಂಥ ವೆಚ್ಚ?" ಎಂದು ಸೂಟು ಹಾಕಿದವರು ಕೇಳುತ್ತಾರೆ. ಮಳೆಯೂ ಪುಕ್ಕಟೆಯೇ. ಹಾಗೆಂದು ಜೋಳ ಪುಕ್ಕಟೆ ಬೆಳೆಯುತ್ತದೆಯೇ? ಪ್ಯಾನೆಲ್ಲಿಗೆ ದುಡ್ಡು, ಅದನ್ನು ನಿಲ್ಲಿಸುವ ಕಬ್ಬಿಣಕ್ಕೆ ದುಡ್ಡು, ದುಡ್ಡಿಗೆ ಬಡ್ಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಮೇಲೆ ಹತ್ತಿ ಧೂಳು ತೊಳೆಯದಿದ್ದರೆ ಯುನಿಟ್ಟು ಇಳಿಯುತ್ತದೆ. ತೊಳೆಯುವ ನೀರನ್ನು ಕೊಡದಲ್ಲಿ ಹೊತ್ತು ತರುವ ಹೆಣ್ಣುಮಕ್ಕಳ ಕೂಲಿಯನ್ನು ಯಾವ ಆಯೋಗ ಬರೆದುಕೊಂಡಿದೆ?

ಈ ದರ ಹೇಗೆ ಇಳಿಯುತ್ತ ಬಂತು ಎನ್ನುವುದನ್ನೂ ನೋಡಿ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಳಿಗೆ ಸೋಲಾರಿಗೆ ಯುನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು. ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. 2016ರಲ್ಲಿ ಸಣ್ಣ ಯಂತ್ರಕ್ಕೆ 7 ರೂಪಾಯಿ 8 ಪೈಸೆಗೆ ಇಳಿಸಿತು. ಆಮೇಲೆ ಮತ್ತೆ ಮತ್ತೆ ಇಳಿದು ಈಗ ಸಬ್ಸಿಡಿಯವರಿಗೆ 3ರ ಒಳಗೆ ಬಂದು ನಿಂತಿದೆ. ಪ್ಯಾನೆಲ್ ಅಗ್ಗವಾಗಿದೆ, ಅದಕ್ಕೇ ಇಳಿಸಿದೆವು ಎನ್ನುತ್ತಾರೆ. ಪ್ಯಾನೆಲ್ ಅಗ್ಗವಾದದ್ದು ಸುಳ್ಳಲ್ಲ. ಆದರೆ ಸಬ್ಸಿಡಿ ಬೇಕಾದರೆ ದೇಶದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ಲನ್ನೇ ಕೊಳ್ಳಬೇಕು ಎಂಬ ಕಟ್ಟಳೆ ಇದೆ. ಅವು ಹೊರಗಿನಿಂದ ಬಂದವಕ್ಕಿಂತ ತುಟ್ಟಿ. ಅಗ್ಗವಾದ ಮಾಲು ನಿಮಗಿಲ್ಲ, ಅಗ್ಗವಾದ ದರ ಮಾತ್ರ ನಿಮಗೆ. ರೈತನ ಹೆಸರಿನ ಸಬ್ಸಿಡಿ ಟ್ರ್ಯಾಕ್ಟರ್ ಕಾಲದಿಂದಲೂ ಕಾರ್ಖಾನೆಯ ಹಾದಿ ಹಿಡಿದೇ ಹೋಗುತ್ತದೆ.

ಇನ್ನೂ ಮುಖ್ಯವಾದದ್ದು, ನೀವು ಹೆಸ್ಕಾಂ ಜೊತೆ ಮಾಡುವ ಕರಾರು 25 ವರ್ಷದ್ದು. ಸಹಿ ಹಾಕಿದ ದಿನದ ದರವೇ 25 ವರ್ಷದ ದರ. 25 ವರ್ಷದ ಹಿಂದೆ ಜೋಳದ ಚೀಲಕ್ಕೆ ಏನು ದರ ಇತ್ತು ನೆನಪು ಮಾಡಿಕೊಳ್ಳಿ. ಅದೇ ದರಕ್ಕೆ ಇವತ್ತೂ ಮಾರಬೇಕು ಎಂದು ಅಪ್ಪ ಸಹಿ ಹಾಕಿ ಹೋಗಿದ್ದರೆ ಮಗ ಏನೆನ್ನುತ್ತಿದ್ದ? ಅದೇ 25 ವರ್ಷದಲ್ಲಿ ಹೆಸ್ಕಾಂ ನಮಗೆ ಮಾರುವ ದರ ಎಷ್ಟು ಸಲ ಬದಲಾಗುತ್ತದೋ ಅವರಿಗೇ ಗೊತ್ತು.

ಹೆಸ್ಕಾಂನವರ ವಾದವನ್ನೂ ಕೇಳಬೇಕು, ನ್ಯಾಯ ಅಂದರೆ ಅದು. ತಂತಿ ನಮ್ಮದು, ಟಿ.ಸಿ. ನಮ್ಮದು, ರಾತ್ರಿ ನಿಮಗೆ ಕರೆಂಟು ಕೊಡುವವರು ನಾವು, ದೊಡ್ಡ ಸೋಲಾರ್ ಪಾರ್ಕಿನವರು ನಿಮಗಿಂತ ಅಗ್ಗಕ್ಕೆ ಕೊಡುತ್ತಾರೆ, ನಿಮಗೆ ಯಾಕೆ ಹೆಚ್ಚು ಕೊಡಬೇಕು ಎನ್ನುತ್ತಾರೆ. ಪಾರ್ಕಿನ ಕರೆಂಟು ನೂರಾರು ಕಿಲೋಮೀಟರ್ ತಂತಿಯಲ್ಲಿ ಸೋರಿಕೊಂಡು ಬರಬೇಕು. ನನ್ನ ಮಾಳಿಗೆಯ ಯುನಿಟ್ಟು ಒಂದು ಕಂಬ ದಾಟಿ ಪಕ್ಕದ ಮನೆಯ ಫ್ಯಾನು ತಿರುಗಿಸುತ್ತದೆ. ಅದಕ್ಕೆ ಹೆಸ್ಕಾಂ ಎಣಿಸುವುದು ಹತ್ತಿರ 6 ರೂಪಾಯಿ. ಆ ಮನೆಯವನು ಕೊಡದಿದ್ದರೆ ಗೃಹಜ್ಯೋತಿಯಲ್ಲಿ ಸರ್ಕಾರ ಕೊಡುತ್ತದೆ. ನನಗೆ ಕೊಟ್ಟದ್ದು 3ರ ಒಳಗೆ. ಒಂದು ಕಂಬದ ಅಂತರಕ್ಕೆ ಅರ್ಧಕ್ಕರ್ಧ ದಲಾಲಿ! ತಂತಿಯ ಬಾಡಿಗೆ ತಗೊಳ್ಳಲಿ, ಬೇಡ ಅಂದವರು ಯಾರು? ಅಡತಿ ಅಂಗಡಿಯವರೂ ಇಷ್ಟು ಮುರಿದುಕೊಂಡದ್ದನ್ನು ನಾನು ಕಂಡಿಲ್ಲ.

ಬೇರೆ ಕಡೆ ಆಗಿದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ 6 ಜನ ರೈತರು ಪಂಪ್‌ಸೆಟ್ಟಿನ ಸೋಲಾರಿಗೆ ಸಹಕಾರಿ ಸಂಘ ಮಾಡಿಕೊಂಡರು. ಒಬ್ಬೊಬ್ಬರೇ ಹೋಗಿ ಕೈಮುಗಿಯಲಿಲ್ಲ, ಸಂಘವಾಗಿ ಹೋಗಿ ಚೌಕಾಸಿ ಮಾಡಿದರು. ಮಿಕ್ಕ ಕರೆಂಟಿಗೆ ಯುನಿಟ್‌ಗೆ 4 ರೂಪಾಯಿ 63 ಪೈಸೆ, 25 ವರ್ಷಕ್ಕೆ ಕರಾರು. 6 ಜನಕ್ಕೆ ಸಿಕ್ಕದ್ದು ಒಂದು ತಾಲ್ಲೂಕಿಗೆ ಸಿಗುವುದಿಲ್ಲವೇ? ಜರ್ಮನಿಯಲ್ಲಿ 2000ರಲ್ಲಿ ಕಾನೂನು ಮಾಡಿ, ಮಾಳಿಗೆಯ ಕರೆಂಟಿಗೆ 20 ವರ್ಷ ಖಾತ್ರಿ ಬೆಲೆ ಕೊಟ್ಟರು. ಆ ಬೆಲೆಯನ್ನು ಯಂತ್ರದ ಖರ್ಚು ಹುಟ್ಟುವಂತೆ ಕಟ್ಟಿದ್ದರು. ಅಲ್ಲಿನ ರೈತರು ಬ್ಯಾಂಕಿಗೆ ಹೆದರದೆ ದನದ ಕೊಟ್ಟಿಗೆಯ ಮೇಲೆಲ್ಲ ಪ್ಯಾನೆಲ್ ಹಾಕಿದರು. ಮೊದಲು ಬೆಲೆ, ಆಮೇಲೆ ಸಾಲ. ನಮ್ಮಲ್ಲಿ ಮೊದಲು ಸಾಲ.

ನಮ್ಮ ರಾಜ್ಯದಲ್ಲಿ ರೈತರ ಹೆಸರಿನಲ್ಲಿ ಆದದ್ದೂ ಒಂದಿದೆ. 2014ರ ಸೋಲಾರ್ ನೀತಿಯಲ್ಲಿ ಭೂಮಿ ಇದ್ದ ರೈತರಿಗೆಂದೇ 1ರಿಂದ 3 ಮೆಗಾವ್ಯಾಟಿನ ಸ್ಥಾವರಗಳನ್ನು ಮೀಸಲಿಟ್ಟರು. ಯುನಿಟ್‌ಗೆ 8 ರೂಪಾಯಿ 40 ಪೈಸೆ. ಒಂದು ಮೆಗಾವ್ಯಾಟಿಗೆ ಕೋಟಿಗಟ್ಟಲೆ ಬಂಡವಾಳ ಬೇಕು, ಯಾವ ರೈತನ ಹತ್ತಿರ ಇತ್ತು? ಅನೇಕ ಕಡೆ ಹೆಸರು ಮಾತ್ರ ರೈತನದು, ದುಡ್ಡು ಕಂಪನಿಯದು ಎಂಬಂತಾಯಿತು. ಆಮೇಲೆ ಕೆಲಸ ತಡವಾಯಿತು ಎಂದು ದರವನ್ನು 4 ರೂಪಾಯಿ 36 ಪೈಸೆಗೆ ಇಳಿಸಿದರು. ಭೂ ಪರಿವರ್ತನೆ, ಲೈನಿನ ಮಂಜೂರಾತಿ ಎಂದು ತಡಮಾಡಿದ್ದು ಆಫೀಸುಗಳೇ ಎಂದು ಸ್ಥಾವರದವರು ಕೋರ್ಟು ಹತ್ತಿದರು. ವರ್ಷಗಟ್ಟಲೆ ಕೋರ್ಟು ತಿರುಗುವ ಶಕ್ತಿ ಕಂಪನಿಗಿರುತ್ತದೆ, 3 ಕಿಲೋವ್ಯಾಟಿನವನಿಗೆ ಇರುವುದಿಲ್ಲ. ಅದಕ್ಕೇ ಕರಾರಿನ ಹಾಳೆಯ ಪ್ರತಿಯೊಂದು ಸಾಲನ್ನೂ ಓದಿಸಿ ಕೇಳಿ, ತಡವಾದರೆ ದರ ಯಾವುದು ಎಂದು ಬರೆಸಿಕೊಳ್ಳಿ.

ಹುಡುಗ ಹೇಳದೇ ಬಿಟ್ಟ ಇನ್ನೊಂದು ಸಂಗತಿ. ಲೈನ್ ಹೋದಾಗ ನಮ್ಮ ಮನೆಯಲ್ಲಿ ಬೆಳಕಿರುತ್ತದೆ ಎಂದು ನಂಬಿ ಪ್ಯಾನೆಲ್ ಹಾಕಿಸಿದವರು ಬಹಳ ಜನ. ನಮ್ಮ ಬೀಗರೊಬ್ಬರು ಹೊಲದ ವಸ್ತಿ ಮನೆಯ ಮೇಲೆ ಹಾಕಿಸಿದರು. ಉರಿಬಿಸಿಲಿನ ಮಧ್ಯಾಹ್ನ ಲೈನ್ ಹೋಯಿತು, ಪ್ಯಾನೆಲ್ಲೂ ಸತ್ತಿತು. ಯಂತ್ರ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. ಯಂತ್ರ ಕೆಟ್ಟಿರಲಿಲ್ಲ. ಕಂಬದ ಕರೆಂಟು ಹೋದ ಕೂಡಲೇ ತಾನೂ ನಿಲ್ಲುವಂತೆಯೇ ಆ ಇನ್ವರ್ಟರನ್ನು ಮಾಡಿರುತ್ತಾರೆ. ಇಲ್ಲದಿದ್ದರೆ ಲೈನ್ ಬಂದ್ ಇದೆ ಎಂದು ಕಂಬ ಹತ್ತಿದ ಲೈನ್‌ಮನ್ ನಿಮ್ಮ ಮಾಳಿಗೆಯ ಕರೆಂಟಿಗೆ ಸಾಯುತ್ತಾನೆ. ಕಟ್ಟಳೆ ಸರಿಯೇ ಇದೆ. ಆದರೆ ಸಹಿ ಹಾಕಿಸಿಕೊಳ್ಳುವ ಮುಂಚೆ ಇದನ್ನು ಹೇಳಬೇಕಿತ್ತು. ಲೈನ್ ಇಲ್ಲದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಬೇಕು, ಅದರ ಖರ್ಚು ಬೇರೆ.

ಪಂಪ್‌ಸೆಟ್ಟಿನ ಲೈನಿನ ಮೇಲೆ ಇರುವ ವಸ್ತಿ ಮನೆಯವರು ಇದನ್ನು ಚೆನ್ನಾಗಿ ಯೋಚಿಸಿ. ಆ ಲೈನಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ, ಕೆಲವು ಸಲ ರಾತ್ರಿ. ಹಗಲು ಲೈನೇ ಸತ್ತಿದ್ದರೆ ನಿಮ್ಮ ಪ್ಯಾನೆಲ್ಲು ಬಿಸಿಲು ಕಾಯಿಸಿಕೊಂಡು ಸುಮ್ಮನೆ ಮಲಗಿರುತ್ತದೆ. ನಾನು ಮೇಲೆ ಹಾಕಿದ 330 ಯುನಿಟ್ಟಿನ ಲೆಕ್ಕವೂ ನಿಮಗೆ ದಕ್ಕುವುದಿಲ್ಲ. ಕಂತು ಮಾತ್ರ ಲೈನ್ ಹೋದ ದಿನವೂ ಓಡುತ್ತಿರುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಯವರಿಗೆ ಇನ್ನೊಂದು ಮಾತು: 3 ಕಿಲೋವ್ಯಾಟಿಗೆ ನೆರಳಿಲ್ಲದ 300 ಚದರಡಿ ಜಾಗ ಬೇಕು, ಕಬ್ಬಿಣದ ಕಾಲು ಊರಲು ಗಟ್ಟಿ ಛಾವಣಿ ಬೇಕು. ಮಣ್ಣಿನ ಮೇಲುಮುದ್ದೆಗೆ ತೂತು ಹೊಡೆದರೆ ಮೊದಲ ಮಳೆಗೇ ಒಳಗೆ ನೀರು.

ಹಾಗಾದರೆ ನಾವು ಕೇಳುವುದೇನು? ನಾನು ಹಾಕಿದ ಲೆಕ್ಕವನ್ನೇ ತಿರುಗಿಸಿ ನೋಡಿ. 1,360ರ ಕಂತನ್ನು 270 ಯುನಿಟ್ಟಿನಿಂದ ಭಾಗಿಸಿದರೆ 5 ರೂಪಾಯಿ ಚಿಲ್ಲರೆ ಬರುತ್ತದೆ. ಅದು ಸಾಲ ತೀರುವ ದರ ಮಾತ್ರ, ಲಾಭ ಸೇರಿಲ್ಲ, ಕೂಲಿ ಸೇರಿಲ್ಲ. ಸಾಲ ತೀರುವತನಕ ಹಳ್ಳಿಯ ಮನೆಗೆ 5 ರೂಪಾಯಿಗೆ ಕಡಿಮೆ ಇಲ್ಲದ ದರ ಕೊಡಿ ಎನ್ನುವುದು ಭಿಕ್ಷೆಯೂ ಅಲ್ಲ, ದುರಾಸೆಯೂ ಅಲ್ಲ. ಕೂಡಗಿಗೆ ಹಾಕಿದ ತಕ್ಕಡಿಯನ್ನೇ ನಮಗೂ ಹಾಕಿರಿ ಎಂದರೆ ಇನ್ನೂ ಮೇಲೆ ಹೋಗುತ್ತದೆ. 25 ವರ್ಷ ದರ ಕಟ್ಟಿಹಾಕುವುದಾದರೆ, ಅವರು ನಮಗೆ ಮಾರುವ ದರ ಏರಿದಾಗ ನಮ್ಮದೂ ಏರಬೇಕು. ಯಂತ್ರವನ್ನೇ ಒತ್ತೆ ಇಟ್ಟುಕೊಳ್ಳಲಿ, ಹೊಲದ ಉತಾರದ ಮೇಲೆ ಬೋಜಾ ಕೂಡಿಸಬಾರದು. ಲೈನ್ ಹೋದದ್ದಕ್ಕೆ ಪ್ಯಾನೆಲ್ ನಿಂತ ತಾಸುಗಳ ಲೆಕ್ಕ ಇಟ್ಟು ಪರಿಹಾರ ಕೊಡಬೇಕು, ಕಲ್ಲಿದ್ದಲಿನವರಿಗೆ ಸ್ಥಿರ ವೆಚ್ಚ ಕೊಡುವ ಹಾಗೆ. ಇದೆಲ್ಲ ಬರಹದಲ್ಲಿ ಬರುವ ತನಕ, ತಿಂಗಳಿಗೆ 200 ಯುನಿಟ್ಟಿನ ಒಳಗೆ ಸುಡುವ ಯಾವ ರೈತನೂ ಇದಕ್ಕಾಗಿ ಸಾಲದ ಕಾಗದಕ್ಕೆ ಸಹಿ ಹಾಕಬಾರದು. ಕೈಯಲ್ಲಿ ದುಡ್ಡಿದ್ದು, ಸಾಲವಿಲ್ಲದೆ ಹಾಕುವವನ ಮಾತು ಬೇರೆ. ಅವನೂ ದರ ಕೇಳಿಯೇ ಹಾಕಲಿ.

ಕೇಳುವುದು ಎಲ್ಲಿ? ಸೆಕ್ಷನ್ ಆಫೀಸಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ, ಅಲ್ಲಿಯವರಿಗೆ ದರ ಕಟ್ಟುವ ಅಧಿಕಾರ ಇಲ್ಲ. ದರ ಕಟ್ಟುವುದು ಬೆಂಗಳೂರಿನ ನಿಯಂತ್ರಣ ಆಯೋಗ. ಹೆಸ್ಕಾಂ ತನ್ನ ದರ ಏರಿಸಲು ಅರ್ಜಿ ಹಾಕಿದಾಗ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮೀಟರ್ ಇರುವ ಯಾವ ಗ್ರಾಹಕನೂ ಆಕ್ಷೇಪಣೆ ಬರೆದು ಕೊಡಬಹುದು, ಎದ್ದು ನಿಂತು ಮಾತಾಡಬಹುದು. ಇಷ್ಟು ದಿನ ಅಲ್ಲಿ ಹೋಗಿ ಕೂತವರು ಕಾರ್ಖಾನೆಯವರ ವಕೀಲರು. ಮುಂದಿನ ವಿಚಾರಣೆಗೆ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಊರು ಊರಿಂದ ಆಕ್ಷೇಪಣೆ ಹೋಗಬೇಕು. ಕನ್ನಡದಲ್ಲೇ ಬರೆಯಿರಿ. ನಿಮ್ಮ ಮನೆ ತಿಂಗಳಿಗೆ ಎಷ್ಟು ಯುನಿಟ್ ಸುಡುತ್ತದೆ, ಲೈನ್ ದಿನಕ್ಕೆ ಎಷ್ಟು ತಾಸು ಇರುತ್ತದೆ, ಪ್ಯಾನೆಲ್ ಹಾಕಿಸಿದ್ದರೆ ಕಂತು ಎಷ್ಟು, ಬಂದದ್ದು ಎಷ್ಟು, ಇಷ್ಟೇ ಸಾಕು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದನ್ನೂ ಜೊತೆಗಿಡಿ.

ಅದಕ್ಕೆ ಹಿಂದಿನ ಹನ್ನೆರಡು ತಿಂಗಳ ಬಿಲ್ಲಿನ ಚೀಟಿ ಬೇಕಾಗುತ್ತವೆ. ಸೊನ್ನೆ ಬಿಲ್ಲು ಎಂದು ನೀವು ಬಿಸಾಡಿರುತ್ತೀರಿ. ಹೆಣ್ಣುಮಕ್ಕಳು ಅಡುಗೆಮನೆಯ ಡಬ್ಬಿಯಲ್ಲಿ ಇಟ್ಟಿರುತ್ತಾರೆ, ಕೇಳಿ ನೋಡಿ.